ಹೆಳವನ ಹೊತ್ತಗೆ

ಸುಗ್ಗಿಯ ಕಾಳು ಮನೆ ಸೇರಿದ ಮೇಲೆ ನಮ್ಮ ಜಮಖಂಡಿ ಸೀಮೆಯ ಊರುಗಳಿಗೆ ಹೆಳವ ಬರುತ್ತಿದ್ದ. ಎತ್ತಿನ ಮೇಲೆ ಕಾಲು ಮಡಚಿ, ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬಂದು, ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಮನೆತನದ ಹೆಸರುಗಳನ್ನು ಹೇಳಿ, ಕಾಳು ಪಡೆದು ಹೋಗುವುದು ಅವನ ಕುಲವೃತ್ತಿ. ಬಾಲ್ಯದಲ್ಲಿ ಅದು ನನಗೆ ಬರಿಯ ಸೋಜಿಗ. ಅದರ ಹಿಂದಿನ ಕಟ್ಟು ಅರ್ಥವಾದದ್ದು ಬಹಳ ತಡವಾಗಿ.

೧೯೪೮ರ ಮೊದಲಿನ ನಕ್ಷೆಯನ್ನೊಮ್ಮೆ ನೋಡಬೇಕು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದರೆ ಅದರ ಮಗ್ಗುಲಿನ ಬನಹಟ್ಟಿ ಜಮಖಂಡಿಗೆ. ಬೀಳಗಿ ಇಂಗ್ಲಿಷರ ವಿಜಾಪುರ ಜಿಲ್ಲೆಯದು. ಎರಡು ದಿನದ ಬಂಡಿಯ ದಾರಿಯೊಳಗೆ ನಾಲ್ಕು ದೊರೆತನ, ನಾಲ್ಕು ದಫ್ತರ! ಹೆಳವನ ಹೊತ್ತಗೆಗೆ ಮಾತ್ರ ಈ ಗಡಿಗಳಿರಲಿಲ್ಲ. ಒಕ್ಕಲು ಯಾವ ಊರಿಗೆ ಹೋಗಿ ನೆಲೆಸಿದರೂ ಅವರ ಹೆಳವ ಅಲ್ಲಿಗೇ ಹುಡುಕಿಕೊಂಡು ಹೋಗುತ್ತಿದ್ದ.

ಆ ಹೊತ್ತಗೆಗಳು ಎಂದೂ ಒಂದೆಡೆ ಕೂಡಿರಲಿಲ್ಲ. ಇಂಥ ಮನೆತನಗಳು ಇಂಥ ಹೆಳವನ ಪಾಲಿಗೆ ಎಂಬ ಹಂಚಿಕೆಯಿತ್ತು. ಒಂದು ಹೊತ್ತಗೆ ಸುಟ್ಟರೆ ಕೆಲವು ಮನೆಗಳ ನೆನಪು ಹೋದೀತೇ ಹೊರತು ಸೀಮೆಯದಲ್ಲ. ಮೇಲಾಗಿ, ಅವನು ಓದುತ್ತಿದ್ದುದು ಅಂಗಳದಲ್ಲಿ, ನೆರೆಯವರ ಎದುರಿಗೆ. ಹೆಸರು ತಪ್ಪಿದರೆ ಅಜ್ಜ ಅಲ್ಲಿಯೇ ತಡೆಯುತ್ತಿದ್ದರು. ನಂಬಿಕೆ ಹುಟ್ಟಿದ್ದು ಮುದ್ರೆಯಿಂದಲ್ಲ, ಕೇಳುವ ಕಿವಿಗಳಿಂದ.

ಇಂದು ನಮ್ಮ ಗುರುತು ಅಂತರ್ಜಾಲಕ್ಕೆ ಸೇರಿದೆ. ೨೦೧೦ರಲ್ಲಿ ಮೊದಲ ಆಧಾರ್ ಸಂಖ್ಯೆ ಬಂದಂದಿನಿಂದ ಕೋಟ್ಯಂತರ ಜನರ ಬೆರಳಚ್ಚು ಕೇಂದ್ರ ಭಂಡಾರವೊಂದರಲ್ಲಿ ಕೂಡಿದೆ. ೨೦೧೨ರಲ್ಲಿ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆ ಮೊಕದ್ದಮೆಯಲ್ಲೇ ೨೦೧೭ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂಬ ತೀರ್ಪು ಬಂತು. ಮರುವರ್ಷ ಕೋರ್ಟು ಆಧಾರನ್ನು ಕೆಲವು ಮಿತಿಗಳೊಡನೆ ಉಳಿಸಿತು. ಅತ್ತ ಜಾಲದ ನಿಯಮಗಳನ್ನು ರೂಪಿಸುವ ಡಬ್ಲ್ಯೂ೩ಸಿ ಒಕ್ಕೂಟ ೨೦೨೨ರಲ್ಲಿ ವಿಕೇಂದ್ರಿತ ಗುರುತಿಗೊಂದು ಕ್ರಮವನ್ನು ಅಂಗೀಕರಿಸಿತು. ಒಂದೇ ಭಂಡಾರವನ್ನು ನೆಚ್ಚದೆ, ಗುರುತಿನ ಕೀಲಿಕೈ ಆಯಾ ಮನುಷ್ಯನ ಕೈಯಲ್ಲೇ ಇರಬಹುದೆಂಬುದು ಅದರ ಆಶಯ. ಓದಿದಾಗ ನನಗೆ ಹೆಳವನ ಗಂಟೆ ಕೇಳಿದಂತಾಯಿತು.

ಆದರೆ ಇನ್ನೊಂದು ನೆನಪೂ ಇದೆ. ಹೊತ್ತಗೆ ಹಿಡಿದದ್ದು ಗಂಡುಸಂತಾನದ ಎಳೆಯನ್ನು. ನನ್ನ ಸೋದರತ್ತೆ ವರ್ಷ ವರ್ಷವೂ ಹೊಸ್ತಿಲೊಳಗೆ ಕುಳಿತು ಎಲ್ಲ ಹೆಸರುಗಳನ್ನೂ ಕೇಳುತ್ತಿದ್ದಳು. ಅವಳ ಹೆಸರು ಒಮ್ಮೆಯೂ ಬರಲಿಲ್ಲ. ತಡೆಯುವ ಅಧಿಕಾರ ಅಜ್ಜನಿಗಿತ್ತು, ಅವಳಿಗಿರಲಿಲ್ಲ.

ಹೊತ್ತಗೆಯನ್ನು ಹಂಚಿದ ಮಾತ್ರಕ್ಕೆ ನ್ಯಾಯವನ್ನು ಹಂಚಿದಂತಾಗದು. ಹೊಸ ಹೊತ್ತಗೆ ಯಾರ ಕೈಯಲ್ಲಿದೆ ಎಂಬುದರ ಜೊತೆಗೇ, “ತಡಿ, ಒಂದು ಹೆಸರು ಬಿಟ್ಟಿದೆ” ಎನ್ನುವ ಹಕ್ಕು ಯಾರಿಗಿದೆ ಎಂದೂ ನಾವು ಕೇಳಬೇಕು.