ಪರೀಕ್ಷಾ ಪ್ಯಾಕೆಟ್ಟು ಹೊರಡುವ ಕ್ಷಣ: ಗಣಕಜಾಲದ ಸಕ್ರಿಯ ಮಾಪನವನ್ನು ಕುರಿತು

ಗೊರಗುಂಟೆಪಾಳ್ಯದಲ್ಲಿ ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವೆಡೆಯ ಸಿಗ್ನಲ್ಲಿನಲ್ಲಿ ವಾಹನಗಳು ಸರಾಸರಿ ಎಷ್ಟು ಹೊತ್ತು ಕಾಯುವುವೆಂದು ತಿಳಿಯಲಿಚ್ಛಿಸಿದವನು, ಸಿಗ್ನಲ್ಲಿನ ಆವರ್ತಕ್ಕೆ ಸರಿಸಮವಾದ ಅಂತರದಲ್ಲಿ ಪರೀಕ್ಷಾ ವಾಹನಗಳನ್ನು ಕಳುಹಿಸಿದನಾದರೆ, ಅವೆಲ್ಲವೂ ಹಸಿರು ದೀಪವನ್ನೇ ಕಂಡು ದಾಟಿಹೋಗಬಹುದು, ಇಲ್ಲವೆ ಎಲ್ಲವೂ ಕೆಂಪಿನೆದುರೇ ನಿಲ್ಲಬಹುದು. ಎರಡು ಪ್ರಸಂಗಗಳಲ್ಲಿಯೂ ಅಳತೆ ನಿಷ್ಕೃಷ್ಟವಾಗಿದ್ದು ನಿರ್ಣಯ ಮಾತ್ರ ಅಸತ್ಯವಾಗುತ್ತದೆ. ಜಾಲದೊಳಕ್ಕೆ ಪರೀಕ್ಷಾ ಪ್ಯಾಕೆಟ್ಟುಗಳನ್ನು ನಾವೇ ಬಿಟ್ಟು ಅದರ ಕಾರ್ಯಕ್ಷಮತೆಯನ್ನು ಅಳೆಯುವ ಸಕ್ರಿಯ ಮಾಪನದಲ್ಲಿಯೂ, ಪ್ಯಾಕೆಟ್ಟು ಹೊರಡುವ ಕ್ಷಣದ ಆಯ್ಕೆಯೇ ಪ್ರಧಾನವೆಂಬುದು ಈ ಲೇಖನದ ಪ್ರತಿಪಾದನೆ.

ಅಳೆಯಬೇಕಾದ ವಿಳಂಬ ಯಾವ ಅಂಶಗಳಿಂದ ಕೂಡಿದೆಯೆಂದು ಮೊದಲು ನೋಡೋಣ. 1986ರಲ್ಲಿ ಆರಂಭಗೊಂಡ, ಭಾರತದ ವಿದ್ಯಾಸಂಸ್ಥೆಗಳ ಗಣಕಜಾಲವಾದ ಅರ್ನೆಟ್ ಯೋಜನೆಯ ಮೊದಲ ಪಾಲುದಾರರಲ್ಲೊಂದಾದ ಭಾರತೀಯ ವಿಜ್ಞಾನ ಸಂಸ್ಥೆ ಈ ಪಾಳ್ಯಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿದೆ. ಇವೆರಡರ ನಡುವಿನ ತಂತಿಮಾರ್ಗ 5 ಕಿ.ಮೀ. ಎಂದು ಭಾವಿಸೋಣ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುವುದರಿಂದ ಪಯಣಕ್ಕೆ 25 ಮೈಕ್ರೊಸೆಕೆಂಡು ಸಾಕು. 1500 ಬೈಟಿನ ಪ್ಯಾಕೆಟ್ಟನ್ನು 100 ಮೆಗಾಬಿಟ್ ವೇಗದ ಕೊಂಡಿಗೆ ಏರಿಸಲು 120 ಮೈಕ್ರೊಸೆಕೆಂಡು ಬೇಕು. ಆದರೆ ಎರಡು ತುದಿಗಳ ಸೇವಾದಾತರು ಬೇರೆಬೇರೆಯಾಗಿ, ಅವರ ಜಾಲಗಳು ಚೆನ್ನೈಯಲ್ಲಿ ಮಾತ್ರ ಸಂಧಿಸುವುದಾದರೆ, ನೆರೆಯವನಿಗೆ ಕಳುಹಿಸಿದ ಪ್ಯಾಕೆಟ್ಟು ಮುನ್ನೂರು ಕಿಲೋಮೀಟರಿನಾಚೆ ಹೋಗಿ ಹಿಂದಿರುಗಬೇಕಾಗಿ, ಉತ್ತರವೂ ಸೇರಿ ಕನಿಷ್ಠ 6 ಮಿಲಿಸೆಕೆಂಡು ವ್ಯಯವಾಗುತ್ತದೆ. ಇವು ಸ್ಥಿರಾಂಶಗಳು. ಅನೇಕ ಮಾಪನಗಳಲ್ಲಿ ದೊರೆತ ಅತ್ಯಲ್ಪ ಬೆಲೆಯೇ ಅವುಗಳ ಮೊತ್ತಕ್ಕೆ ಸಮೀಪವಾದುದು. ಅದರ ಮೇಲಿನದೆಲ್ಲ ಬಹುಪಾಲು ರೂಟರುಗಳ ಸರತಿಯಲ್ಲಿ ಕಾದ ಕಾಲ. ಕ್ಷಣಕ್ಷಣಕ್ಕೂ ಬದಲಾಗುವ ಈ ಸರತಿಯನ್ನು ಅರಿಯುವುದೇ ಮಾಪನದ ಸಾರ.

1983ರಲ್ಲಿ ಮೈಕ್ ಮ್ಯೂಸ್ ರಚಿಸಿದ ಪಿಂಗ್ ಸಾಧನ ರೂಢಿಯಂತೆ ಸೆಕೆಂಡಿಗೊಂದು ಪ್ಯಾಕೆಟ್ಟನ್ನು ಕಳುಹಿಸುತ್ತದೆ. ಜಾಲದಲ್ಲಿಯೂ ನಿಯತಕಾಲಿಕ ಕಾರ್ಯಗಳುಂಟಾಗಿ, ಅವುಗಳೊಡನೆ ಪಿಂಗ್ ತಾಳ ಕೂಡಿಸಿಕೊಂಡರೆ ಮೇಲೆ ಹೇಳಿದ ದೋಷವೇ ತಲೆದೋರುತ್ತದೆ. ಒಬ್ಬರ ಬರವು ಇನ್ನೊಬ್ಬರದನ್ನು ಅವಲಂಬಿಸದ ಪ್ವಾಸೋನ್ ಎಂಬ ಯಾದೃಚ್ಛಿಕ ಕ್ರಮದಲ್ಲಿ ಬರುವ ಆಗಂತುಕರು ವ್ಯವಸ್ಥೆಯ ಕಾಲಸರಾಸರಿಯನ್ನೇ ಕಾಣುವರೆಂದು ರೊನಾಲ್ಡ್ ವುಲ್ಫ್ 1982ರಲ್ಲಿ ಸಾಧಿಸಿದರು. ವರ್ನ್ ಪ್ಯಾಕ್ಸನ್ ಮೊದಲಾದವರು 1998ರಲ್ಲಿ ಪ್ರಕಟಿಸಿದ ಮಾಪನ ಚೌಕಟ್ಟು ಆ ಯಾದೃಚ್ಛಿಕ ಕ್ರಮವನ್ನೇ ಸಮರ್ಥಿಸಿತು. 2006ರಲ್ಲಿ ಬಕೆಲ್ಲಿ ಮತ್ತು ಸಹಲೇಖಕರು ಈ ವಿಶ್ವಾಸವನ್ನು ವಿಮರ್ಶಿಸಿ, ಪರೀಕ್ಷಾ ಸಂಚಾರದ ಭಾರ ನಗಣ್ಯವಾಗಿರುವಲ್ಲಿ ಪ್ವಾಸೋನ್ ಕ್ರಮವೊಂದೇ ಗತಿಯಲ್ಲವೆಂದೂ, ಒಂದು ಕನಿಷ್ಠ ಅಂತರವನ್ನು ಕಾಯ್ದುಕೊಂಡ ಯಾದೃಚ್ಛಿಕ ಕ್ರಮಗಳು ಎಷ್ಟೋ ವೇಳೆ ಇನ್ನೂ ಮೇಲೆಂದೂ ತೋರಿಸಿದರು. ನನಗೆ ಈ ಮತವೇ ಗ್ರಾಹ್ಯವಾಗಿ ತೋರುತ್ತದೆ. ಪ್ವಾಸೋನ್ ಕ್ರಮದಲ್ಲಿ ಪ್ಯಾಕೆಟ್ಟುಗಳು ಒಮ್ಮೊಮ್ಮೆ ಒತ್ತೊತ್ತಾಗಿ ಹೊರಟು ಒಂದೇ ಸರತಿಯನ್ನು ಮತ್ತೆಮತ್ತೆ ನೋಡುವುದರಿಂದ ಹೊಸ ತಿಳಿವು ಅಲ್ಪವಾಗುತ್ತದೆ.

ಹೊರಡುವ ಕ್ಷಣವನ್ನು ಆಯ್ದರಷ್ಟೇ ಸಾಲದು, ಅದನ್ನು ಸರಿಯಾಗಿ ಗುರುತಿಸಲೂ ಬೇಕು. ಒಂದೇ ದಿಕ್ಕಿನ ಪಯಣದ, ಅಂದರೆ ಏಕಮುಖ ವಿಳಂಬದ ಮಾಪನಕ್ಕೆ ಎರಡು ತುದಿಗಳ ಗಡಿಯಾರಗಳೂ ಒಂದೇ ಕಾಲವನ್ನು ತೋರಬೇಕು. 25 ಮೈಕ್ರೊಸೆಕೆಂಡಿನ ಪಯಣವನ್ನು ಮಿಲಿಸೆಕೆಂಡಿನಷ್ಟು ತಪ್ಪುವ ಗಡಿಯಾರಗಳಿಂದ ಅಳೆದರೆ, ಪ್ಯಾಕೆಟ್ಟು ಹೊರಡುವ ಮೊದಲೇ ತಲಪಿತೆಂಬ ಅಸಂಬದ್ಧವೂ ದಾಖಲಾದೀತು. ಉಪಗ್ರಹಗಳ ಕಾಲಸಂಕೇತ ಇದಕ್ಕೆ ಪರಿಹಾರ. ಅಂಥ ಸಂಕೇತವನ್ನು ನೀಡುವ ಭಾರತದ ಪಥದರ್ಶಕ ಉಪಗ್ರಹ ವ್ಯವಸ್ಥೆಯಾದ ನಾವಿಕ್‌ಗೆ ಆಧಾರವಾದ ಇಸ್ರೊ ಪಥದರ್ಶನ ಕೇಂದ್ರವು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿಯೇ ಇದೆ.

ಭಾರದ ಮಾತೊಂದು ಉಳಿಯಿತು. 100 ಬೈಟಿನ ಪ್ಯಾಕೆಟ್ಟುಗಳನ್ನು ಸೆಕೆಂಡಿಗೆ ಹತ್ತರಂತೆ ಬಿಟ್ಟರೆ ಆಗುವ 8 ಕಿಲೊಬಿಟ್ ಸಂಚಾರದಿಂದ 100 ಮೆಗಾಬಿಟ್ ಕೊಂಡಿಗೆ ಬಾಧೆಯಿಲ್ಲ. ಕೊಂಡಿಯನ್ನು ತುಂಬಿಸಿಯೇ ಅದರ ಸಾಮರ್ಥ್ಯವನ್ನು ಅಳೆಯುವ ವೇಗಪರೀಕ್ಷೆಯಾದರೋ ತಾನೇ ಸರತಿಯನ್ನು ನಿರ್ಮಿಸುವುದರಿಂದ, ಆ ಅವಧಿಯಲ್ಲಿ ದೊರೆತ ವಿಳಂಬದ ಅಂಕಿಗಳನ್ನು ಉಳಿದವುಗಳೊಡನೆ ಬೆರೆಸದೆ ಪ್ರತ್ಯೇಕವಾಗಿ ದಾಖಲಿಸತಕ್ಕದ್ದು.