ಪ್ರೇತಧ್ವನಿ ಮುದ್ರಣ
ಆತ್ಮಗಳ ಮಾತು ಬರಿಗಿವಿಗೆ ಕೇಳಿಸದಿದ್ದರೂ ಧ್ವನಿಮುದ್ರಕದಲ್ಲಿ ದಾಖಲಾಗುತ್ತದೆಂಬ ನಂಬಿಕೆಯಿಂದ ನಡೆಸುವ ಶೋಧ, ಇ.ವಿ.ಪಿ. (ಎಲೆಕ್ಟ್ರಾನಿಕ್ ವಾಯ್ಸ್ ಫಿನಾಮಿನನ್) ಎಂದೂ ಪರಿಚಿತ. ಸ್ವೀಡನ್ನಿನ ಫ್ರೀಡ್ರಿಶ್ ಯೂರ್ಗೆನ್ಸನ್, 1959ರಲ್ಲಿ ಹಕ್ಕಿಗಳ ಕೂಗಿಗಾಗಿ ಓಡಿಸಿದ ಟೇಪಿನಲ್ಲಿ ಮನುಷ್ಯರ ದನಿ ಕೇಳಿಸಿತೆಂದು ಹೇಳಿಕೊಂಡ. ಲಾಟ್ವಿಯಾ ಮೂಲದ ಕಾನ್‌ಸ್ಟಂಟಿನ್ ರಾಡಿವ್ ಈ ಪ್ರಯೋಗಗಳನ್ನು ಮುಂದುವರಿಸಿದ.

ವಿಧಾನ: ನಿರ್ಜನ ಸ್ಥಳದಲ್ಲಿ ರೆಕಾರ್ಡರ್ ಚಾಲೂ ಮಾಡಿ ಪ್ರಶ್ನೆ ಕೇಳುತ್ತಾರೆ, ಉತ್ತರಕ್ಕೆಂದು ಕೆಲವು ಸೆಕೆಂಡು ಸುಮ್ಮನಿರುತ್ತಾರೆ, ಬಳಿಕ ಹೆಡ್‌ಫೋನಿನಲ್ಲಿ ಮತ್ತೆ ಮತ್ತೆ ಆಲಿಸುತ್ತಾರೆ.

ಹೈದರಾಬಾದಿನಲ್ಲಿ: ಗೋಲ್ಕೊಂಡ ಕೋಟೆಯ ಸುತ್ತ ದೆವ್ವದ ಕಥೆಗಳು ಹಲವು. ಅಲ್ಲಿನ ಧ್ವನಿವಿನ್ಯಾಸ ವಿಶಿಷ್ಟ: ಪ್ರವೇಶದ್ವಾರದ ಕಮಾನಿನಡಿ ತಟ್ಟಿದ ಚಪ್ಪಾಳೆ ಗುಡ್ಡದ ಮೇಲಿನ ಮಂಟಪವಾದ ಬಾಲಾ ಹಿಸಾರ್‌ನಲ್ಲಿ ಕೇಳಿಸುತ್ತದೆ. ಕಾವಲುಗಾರರು ಅಪಾಯದ ಸೂಚನೆ ಮುಟ್ಟಿಸಲು ಇದನ್ನು ಬಳಸುತ್ತಿದ್ದರೆನ್ನುತ್ತಾರೆ. ಇಂಥ ಕಡೆ ದೂರದವರ ಮಾತು ಪಕ್ಕದ ಪಿಸುದನಿಯಂತೆ ಮುದ್ರಣವಾಗುವ ಸಾಧ್ಯತೆಯಿದೆ.

ವಿಮರ್ಶೆ: ಸದ್ದು ಕಡಿಮೆಯಾದಾಗ ರೆಕಾರ್ಡರಿನ ಸ್ವಯಂಚಾಲಿತ ನಿಯಂತ್ರಣ ಗ್ರಹಣಶಕ್ತಿಯನ್ನು ಏರಿಸುವುದರಿಂದ ಹಿನ್ನೆಲೆಯ ಗುಜುಗುಜು ದೊಡ್ಡದಾಗುತ್ತದೆ. ರೇಡಿಯೊ ತರಂಗಗಳೂ ನುಸುಳಬಹುದು. ಅರ್ಥವಿಲ್ಲದ ಸದ್ದಿನಲ್ಲಿ ಪರಿಚಿತ ಪದ ಹುಡುಕುವುದು ಮೆದುಳಿನ ಸ್ವಭಾವ. ಇಂಥದೇ ಪದವೆಂದು ಮೊದಲೇ ಹೇಳಿಕೊಟ್ಟರೆ ಅದೇ ಕೇಳಿಸುತ್ತದೆ. ಹೀಗಾಗಿ ವಿಜ್ಞಾನ ಇದನ್ನು ಪುರಾವೆಯೆಂದು ಒಪ್ಪಿಲ್ಲ.