ಮಗ್ಗಿಯಿಂದ ಕಿಟ್‌ವರೆಗೆ: ಸರ್ಕಾರಿ ಶಾಲೆಯ ಗಣಿತದ ದಾರಿ

ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ ಅಡಿಕೆ, ಹೊನ್ನಾಳಿಯಲ್ಲಿ ಭದ್ರಾ ನಾಲೆಯ ಭತ್ತ, ನ್ಯಾಮತಿಯಲ್ಲಿ ಮೆಕ್ಕೆಜೋಳ, ಜಗಳೂರಿನಲ್ಲಿ ಮಳೆ ನೋಡಿ ಬಿತ್ತುವ ಬೆದ್ದಲು. ನೆಲ, ನೀರು ಬೇರೆಯಾದರೂ ಇಲ್ಲಿನ ಸರ್ಕಾರಿ ಶಾಲೆಗಳಿಗೆ ಗಣಿತ ಕಾರ್ಯಕ್ರಮ ಬರುವುದು ರಾಜಧಾನಿಯಿಂದ, ಒಂದೇ ಅಚ್ಚಿನಲ್ಲಿ. ಮೂರು ದಶಕಗಳಲ್ಲಿ ಹಾಗೆ ಬಂದವುಗಳನ್ನು ಸಾಲಾಗಿ ಇಟ್ಟು ನೋಡಿದರೆ, ಹೊಸ ವಿಚಾರಗಳಿಗೆ ಬರವಿರಲಿಲ್ಲ ಎಂದು ತಿಳಿಯುತ್ತದೆ. ಬರವಿದ್ದದ್ದು ಮಗುವಿನ ತಪ್ಪನ್ನು ಓದಿ ಮರುದಿನದ ಪಾಠ ಬದಲಿಸುವ ವ್ಯವಸ್ಥೆಗೆ.

ಕನ್ನಡದಲ್ಲಿ ಗಣಿತ ಬರೆದಿಡುವ ಪರಂಪರೆ ಹನ್ನೆರಡನೇ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ದಷ್ಟು ಹಳೆಯದು. ಕೂಲಿಮಠದಲ್ಲಿ ಮರಳ ಮೇಲೆ ಅಂಕಿ ತಿದ್ದಿಸಿ, ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೂ ಬಾಯಿಪಾಠ ಮಾಡಿಸುತ್ತಿದ್ದುದು ವ್ಯವಹಾರಕ್ಕಾಗಿಯೇ: ಹದಿನಾರಾಣೆಯ ರೂಪಾಯಿ, ಸೇರು, ಮಣಗಳ ಸಂತೆಯಲ್ಲಿ ಅದು ದಿನವೂ ಕೆಲಸಕ್ಕೆ ಬರುತ್ತಿತ್ತು. 1957ರಲ್ಲಿ ರೂಪಾಯಿಗೆ ನೂರು ಪೈಸೆಯಾಯಿತು. ಬೆನ್ನಿಗೇ ಕಿಲೋ, ಮೀಟರು ಬಂದವು. ಕಾಲು, ಅರೆಯ ಮಗ್ಗಿಗೆ ಕೆಲಸವಿಲ್ಲದಾಯಿತು, ಬಾಯಿಪಾಠದ ಅಭ್ಯಾಸ ಮಾತ್ರ ತರಗತಿಯಲ್ಲಿ ಉಳಿಯಿತು.

ಆ ಅಭ್ಯಾಸವನ್ನು ಅಲುಗಿಸಿದ ದೊಡ್ಡ ಯತ್ನ ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ, ಋಷಿ ವ್ಯಾಲಿ ಶಾಲೆಯ ಮಾದರಿಯಿಂದ ಪ್ರೇರಣೆ ಪಡೆದು ಶುರುವಾದ ಅದು 2009-10ರಿಂದ ರಾಜ್ಯದ ಕೆಳ ತರಗತಿಗಳಿಗೆಲ್ಲ ಹಬ್ಬಿತು. ಕಲಿಕಾ ಏಣಿಯಲ್ಲಿ ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದಲೇ ಹತ್ತಬೇಕು ಎಂಬುದು ಅದರ ತಿರುಳು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಲೆಕ್ಕ ಬಿಡಿಸುವುದಕ್ಕಿಂತ ಗಣಿತದಂತೆ ಯೋಚಿಸುವುದೇ ಗುರಿ ಎಂದಿತು. ಅಕ್ಷರ ಫೌಂಡೇಶನ್ ಜೊತೆ ಸರ್ಕಾರ ನಡೆಸಿದ ಗಣಿತ ಕಲಿಕಾ ಆಂದೋಲನ ನಾಲ್ಕು ಮತ್ತು ಐದನೇ ತರಗತಿಗೆ ಕಲಿಕೋಪಕರಣಗಳ ಕಿಟ್ ಕೊಟ್ಟು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗಣಿತ ಸ್ಪರ್ಧೆಗಳನ್ನೂ ಏರ್ಪಡಿಸಿತು. 2021ರಲ್ಲಿ ಬಂದ ಕೇಂದ್ರದ ನಿಪುಣ್ ಭಾರತ್, 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು ಮತ್ತು ಅಂಕಿ-ಸಂಖ್ಯೆಯ ಅರಿವು ಬರಬೇಕೆಂದು ಗುರಿಯಿಟ್ಟಿತು. ಇತ್ತೀಚಿನ ಗಣಿತ-ಗಣಕ ಕಾರ್ಯಕ್ರಮದಲ್ಲಿ ಶಿಕ್ಷಕರು ಫೋನಿನಲ್ಲೇ ಮಗುವಿನ ಮಟ್ಟಕ್ಕೆ ತಕ್ಕ ಪಾಠ ಹೇಳುತ್ತಾರೆ. ಕೋವಿಡ್ ಕಾಲದಲ್ಲಿ ಬೋಟ್ಸ್ವಾನಾದಲ್ಲಿ ಫಲ ಕೊಟ್ಟ ದಾರಿಯಿದು.

ಇವೆಲ್ಲದರ ಪರೀಕ್ಷೆ ನಡೆಯುವುದು ಒಂದು ಸಣ್ಣ ಲೆಕ್ಕದಲ್ಲಿ. 52ರಲ್ಲಿ 27 ಕಳೆ ಎಂದರೆ ಹಲವು ಮಕ್ಕಳು 35 ಎಂದು ಬರೆಯುತ್ತಾರೆ. ಇದು ಅಜಾಗರೂಕತೆಯಲ್ಲ, ಒಂದು ನಿಯಮ: ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆ, 7ರಲ್ಲಿ 2 ಹೋದರೆ 5. ಕೆಂಪು ಶಾಯಿಯ ಗುರುತು ಈ ನಿಯಮವನ್ನು ಮುಟ್ಟುವುದಿಲ್ಲ. ಕಿಟ್ಟಿನ ಒಂದು ಹತ್ತರ ಕಡ್ಡಿಯನ್ನು ಕೊಟ್ಟು ಹತ್ತು ಬಿಡಿ ತೆಗೆದುಕೊಂಡಾಗ, 52 ಎಂದರೆ ನಾಲ್ಕು ಹತ್ತು, ಹನ್ನೆರಡು ಬಿಡಿಯೂ ಹೌದು ಎಂದು ಕಾಣುತ್ತದೆ. 25 ತಾನಾಗಿ ಬರುತ್ತದೆ. ಆದರೆ ತಪ್ಪು ಯಾವುದೆಂದು ಶಿಕ್ಷಕರು ಗುರುತಿಸದಿದ್ದರೆ ಅದೇ ಕಿಟ್ ಬೀರುವಿನಲ್ಲಿ ಕೂರುತ್ತದೆ.

ಮಗ್ಗಿ ಬಿಟ್ಟದ್ದೇ ಕೇಡಾಯಿತು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ನಿಜವಿದೆ: ಏಳೆಂಟ್ಲಿ ಐವತ್ತಾರು ನಾಲಗೆಯ ಮೇಲಿಲ್ಲದವರಿಗೆ ಭಾಗಾಕಾರ ಭಾರವೇ. ಆದರೆ ಮಗ್ಗಿ ವೇಗ ಕೊಡುತ್ತದೆ, ಯಾವಾಗ ಗುಣಿಸಬೇಕೆಂಬ ವಿವೇಕ ಕೊಡುವುದಿಲ್ಲ, ಎರಡೂ ಬೇಕು. ಒಬ್ಬರೇ ಹಲವು ತರಗತಿ ನೋಡಿಕೊಳ್ಳುವ ಶಾಲೆಯಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದಕ್ಕೆ ಉತ್ತರ ಇನ್ನೊಂದು ಕಾರ್ಯಕ್ರಮವಲ್ಲ. ಒಂದರ ದಾಖಲೆ ಮುಗಿಯುವ ಮುನ್ನ ಮತ್ತೊಂದರ ನಮೂನೆ ತುಂಬಿಸುವುದನ್ನು ನಿಲ್ಲಿಸಿದರೆ ಅರ್ಧ ಪುರುಸೊತ್ತು ಅಲ್ಲೇ ಸಿಗುತ್ತದೆ. ಭಾಷೆಯ ತೊಡಕೂ ಇದೆ. ಲಂಬಾಣಿ ಸಮುದಾಯದ ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರುವ ಈ ಸೀಮೆಯ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಅಲ್ಲಿನ ಮಗು ವಾಕ್ಯರೂಪದ ಲೆಕ್ಕದಲ್ಲಿ ಸೋತರೆ ಸೋತದ್ದು ಗಣಿತದಲ್ಲೋ ಕನ್ನಡದಲ್ಲೋ ಎಂದು ಅಂಕಪಟ್ಟಿ ಹೇಳದು, ಹತ್ತಿರ ಕೂತ ಶಿಕ್ಷಕರು ಹೇಳಬಲ್ಲರು.

ಆದ್ದರಿಂದ ಕಾರ್ಯಕ್ರಮ ಉಳಿಯುವುದೂ ಅಳಿಯುವುದೂ ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಸಮೂಹ ಸಂಪನ್ಮೂಲ ವ್ಯಕ್ತಿಯ ಶಾಲಾ ಭೇಟಿಯಲ್ಲಿ. ಆ ಭೇಟಿಯಲ್ಲಿ ಎಷ್ಟು ಕಿಟ್ ಬಂದಿದೆ ಎಂದು ಎಣಿಸುವುದನ್ನು ಬಿಟ್ಟು, ಶಿಕ್ಷಕರ ಜೊತೆ ಕೂತು ಹತ್ತು ಮಕ್ಕಳ ನೋಟ್‌ಬುಕ್ ಬಿಡಿಸಿ ತಪ್ಪುಗಳನ್ನು ಓದಲಿ. ಇಲಾಖೆ ಐದು ವರ್ಷ ಹೊಸ ಹೆಸರೊಂದನ್ನೂ ತರದೆ ಇದೊಂದನ್ನೇ ನಡೆಸಲಿ.